ಕಂಪ್ಯೂಟರಿನ ಅಂಗರಚನೆ: ಒಬ್ಬ ಡಾಕ್ಟರನ ತಪ್ಪೊಪ್ಪಿಗೆ

ಪ್ರತಿ ವರ್ಷ ನಮ್ಮ ಕೂಟದ ದೀಪಾವಳಿ ಸಂಚಿಕೆಗೆ ಲೇಖನ ಕೇಳಲು ಸಂಪಾದಕರು ಫೋನು ಮಾಡಿದಾಗ ನನ್ನ ಪಾಲಿಗೆ ಬರುವ ವಿಷಯಗಳು ಎರಡೇ. ಒಂದು ಸಕ್ಕರೆ ಕಾಯಿಲೆ, ಇನ್ನೊಂದು ರಕ್ತದೊತ್ತಡ. ಒಂದು ಕೈಯಲ್ಲಿ ಹೋಳಿಗೆ ಹಿಡಿದು ಇನ್ನೊಂದು ಕೈಯಲ್ಲಿ ಸಂಚಿಕೆಯ ಪುಟ ತಿರುವುವ ಬಂಧುಗಳಿಗೆ ಸಕ್ಕರೆ ಕಾಯಿಲೆಯ ಬಗ್ಗೆ ಉಪದೇಶ ಮಾಡಿ ಮಾಡಿ ನನಗೇ ಬೇಸರ ಬಂದಿದೆ. ಆದ್ದರಿಂದ ಈ ಸಲ ನಾನೇ ವಿಷಯ ಬದಲಿಸಿದ್ದೇನೆ. ಕಂಪ್ಯೂಟರಿನ ಒಳಗೆ ಏನೇನಿದೆ, ಅದು ಜಗತ್ತಿನ ಜೊತೆ ಹೇಗೆ ಮಾತಾಡುತ್ತದೆ, ಆ ಭಾಗಗಳ ಹೆಸರೇನು ಎಂಬುದೇ ಈ ವರ್ಷದ ಲೇಖನ.

"ಡಾಕ್ಟ್ರೇ, ಇದೆಲ್ಲ ನಿಮಗ್ಯಾಕ್ರೀ?" ಎಂದು ಕೇಳುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಎಡಿಸನ್, ಪಿಸ್ಕಾಟವೇ ಕಡೆ ನಡೆಯುವ ಯಾವುದೇ ಕನ್ನಡ ಕಾರ್ಯಕ್ರಮದಲ್ಲಿ ಕಣ್ಣು ಮುಚ್ಚಿ ಕಲ್ಲೆಸೆದರೂ ಅದು ಒಬ್ಬ ಸಾಫ್ಟ್‌ವೇರ್ ಇಂಜಿನಿಯರ್ ಮೇಲೆಯೇ ಬೀಳುತ್ತದೆ. ಅವರು ದಯವಿಟ್ಟು ಈ ಪುಟಗಳನ್ನು ದಾಟಿ ಹೋಗಬಹುದು. ಇದು ನನ್ನಂಥವರಿಗಾಗಿ ಬರೆದದ್ದು. ಕಂಪ್ಯೂಟರನ್ನು ದಿನವಿಡೀ ಬಳಸುತ್ತಾ ಅದರ ಒಂದು ಅಂಗದ ಹೆಸರೂ ಸರಿಯಾಗಿ ತಿಳಿಯದ ಡಾಕ್ಟರುಗಳು, ಲೆಕ್ಕಿಗರು, ಗೃಹಿಣಿಯರು, ಆರು ತಿಂಗಳಿಗೆಂದು ಬಂದಿರುವ ಅಜ್ಜ ಅಜ್ಜಿಯರು, ಇವರಿಗಾಗಿ. ಇಷ್ಟಕ್ಕೂ ಒಂದು ಪದದ ಅರ್ಥ ತಿಳಿಯದೆ ನಾನು ಕಳೆದುಕೊಂಡದ್ದೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ.

ಕಳೆದುಹೋದ ನಲವತ್ತು ನಿಮಿಷ

2006ರ ಬೇಸಿಗೆಯಲ್ಲಿ ಅಪ್ಪ ಅಮ್ಮ ನ್ಯೂಜೆರ್ಸಿಗೆ ಬಂದಿದ್ದರು. ಅಪ್ಪ ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದವರು. ತರಗತಿಯಲ್ಲಿ ಆಡಿ ಮುಗಿಸಿದ್ದರಿಂದಲೋ ಏನೋ, ಮನೆಯಲ್ಲಿ ಅವರದು ಮಾತು ಕಡಿಮೆ. ಒಂದು ಭಾನುವಾರ ಸಂಜೆ ಅದೇನು ಮನಸ್ಸು ಬಂತೋ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಬಾಲ್ಯದ ಕಥೆ ಹೇಳತೊಡಗಿದರು. ಹೇಮಾವತಿ ಹೊಳೆ ದಾಟಿ ಶಾಲೆಗೆ ಹೋಗುತ್ತಿದ್ದುದು, ಸೀಮೆಎಣ್ಣೆ ಬುಡ್ಡಿಯ ಬೆಳಕಿನಲ್ಲಿ ಓದಿದ್ದು, ಮೊದಲ ಸಲ ಮೈಸೂರಿಗೆ ದಸರಾ ನೋಡಲು ಹೋಗಿ ಜನಜಂಗುಳಿಯಲ್ಲಿ ತಪ್ಪಿಸಿಕೊಂಡದ್ದು. ನಾನು ಸದ್ದಿಲ್ಲದೆ ಕ್ಯಾಮ್‌ಕಾರ್ಡರ್ ತಂದು ನಲವತ್ತು ನಿಮಿಷ ಚಿತ್ರೀಕರಿಸಿದೆ. ಆಮೇಲೆ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಅದೇ ಕ್ಯಾಸೆಟ್ಟಿನ ಮೇಲೆ ಮಗಳ ಭರತನಾಟ್ಯ ರೆಕಾರ್ಡ್ ಮಾಡಿದೆ. ಲ್ಯಾಪ್‌ಟಾಪಿನಲ್ಲಿ ಇದೆಯಲ್ಲ ಎಂಬ ಧೈರ್ಯ.

2009ರಲ್ಲಿ ಅಪ್ಪ ತೀರಿಕೊಂಡರು. ಆ ವಿಡಿಯೋ ನೋಡುವ ಧೈರ್ಯ ನನಗೆ ಬರಲಿಲ್ಲ. ಮುಂದೊಂದು ದಿನ ನೋಡೋಣ ಎಂದು ಬಿಟ್ಟೆ. 2011ರಲ್ಲಿ ಒಂದು ಬೆಳಿಗ್ಗೆ ಲ್ಯಾಪ್‌ಟಾಪ್ ಎಚ್ಚರಗೊಳ್ಳಲಿಲ್ಲ. ಅಂಗಡಿಗೆ ಒಯ್ದೆ. ಕೌಂಟರಿನ ಹುಡುಗ ನೋಡಿ, "ಮದರ್‌ಬೋರ್ಡ್ ಹೋಗಿದೆ, ರಿಪೇರಿಗೆ ಹಾಕುವ ದುಡ್ಡಿಗೆ ಹೊಸದೇ ಬರುತ್ತದೆ" ಎಂದ. ನಾನು ಅದನ್ನು ಮರಣ ಪ್ರಮಾಣಪತ್ರವೆಂದೇ ಭಾವಿಸಿ ತಲೆಯಾಡಿಸಿದೆ. ಅದೇ ವರ್ಷದ ಜನವರಿ 1ರಿಂದ ನ್ಯೂಜೆರ್ಸಿಯಲ್ಲಿ ಹಳೆಯ ಕಂಪ್ಯೂಟರುಗಳನ್ನು ಕಸದ ತೊಟ್ಟಿಗೆ ಹಾಕಬಾರದೆಂಬ ಕಾನೂನು ಜಾರಿಗೆ ಬಂದಿತ್ತು. ಒಳ್ಳೆಯ ನಾಗರಿಕನಂತೆ ನಾನೇ ಕಾರಿನಲ್ಲಿ ಒಯ್ದು ಮರುಬಳಕೆಯ ಕೇಂದ್ರಕ್ಕೆ ಕೊಟ್ಟು ಬಂದೆ.

ಮುಂದಿನ ಯುಗಾದಿಯ ಊಟದ ಸಾಲಿನಲ್ಲಿ ನೆಟ್‌ವರ್ಕ್ ಇಂಜಿನಿಯರ್ ಆಗಿರುವ ಗೆಳೆಯರೊಬ್ಬರಿಗೆ ಈ ವಿಷಯ ಹೇಳಿದೆ.

"ಡಿಸ್ಕ್ ತೆಗೆದಿಟ್ಟುಕೊಂಡಿರಿ ತಾನೇ?" ಎಂದರು.

"ಕಂಪ್ಯೂಟರೇ ಸತ್ತು ಹೋಗಿತ್ತಲ್ಲಾ ರೀ."

"ಅಯ್ಯೋ ಡಾಕ್ಟ್ರೇ, ಮದರ್‌ಬೋರ್ಡ್ ಹೋದರೆ ಹಾರ್ಡ್ ಡಿಸ್ಕಿಗೇನಾಗುತ್ತೆ? ನಾಲ್ಕು ಸ್ಕ್ರೂ ಬಿಚ್ಚಿ ಅದನ್ನ ಹೊರಗೆ ತೆಗೆದು, ಇಪ್ಪತ್ತು ಡಾಲರಿನ ಒಂದು ಡಬ್ಬಿಗೆ ಹಾಕಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿದ್ದರೆ ಎಲ್ಲಾ ಸಿಕ್ಕಿರೋದು!"

ಬಿಸಿಬೇಳೆ ಭಾತಿನ ತಟ್ಟೆ ಕೈಯಲ್ಲೇ ಉಳಿಯಿತು. ಮೆದುಳು ನಿಷ್ಕ್ರಿಯವಾದ ಮೇಲೂ ಹೃದಯ, ಮೂತ್ರಪಿಂಡ ಚೆನ್ನಾಗಿರಬಹುದು, ಅವನ್ನು ಇನ್ನೊಬ್ಬರಿಗೆ ಜೋಡಿಸಬಹುದು ಎಂಬುದು ವೃತ್ತಿಯಲ್ಲಿ ನಾನು ನಿತ್ಯ ಬಲ್ಲ ಸಂಗತಿ. ಅಂಥ ನಾನು, ಯಾವ ಅಂಗ ಸತ್ತಿದೆ, ಯಾವುದು ಬದುಕಿದೆ ಎಂದು ಒಂದು ಪ್ರಶ್ನೆ ಕೂಡ ಕೇಳದೆ ಅಪ್ಪನ ದನಿಯನ್ನು ಕೈಯಾರೆ ಕೊಟ್ಟು ಬಂದಿದ್ದೆ. ಅಂಗಡಿಯ ಹುಡುಗನದು ತಪ್ಪಲ್ಲ. ಅವನು ನಿಜವನ್ನೇ ಹೇಳಿದ್ದ. ಅವನು ಹೇಳಿದ ಪದದ ಅರ್ಥ ನನಗೆ ಗೊತ್ತಿರಲಿಲ್ಲ, ಅಷ್ಟೆ.

ಅಂದಿನಿಂದ ನಾನು ಈ ವಿಷಯದಲ್ಲಿ ಮೊದಲ ವರ್ಷದ ವಿದ್ಯಾರ್ಥಿಯಾದೆ. ಎಂ.ಬಿ.ಬಿ.ಎಸ್. ಮೊದಲ ವರ್ಷ ನಮಗೆ ಕಲಿಸುವುದು ಅಂಗರಚನೆ. ಬನ್ನಿ, ಇಲ್ಲೂ ಅಲ್ಲಿಂದಲೇ ಶುರು ಮಾಡೋಣ.

ಪೆಟ್ಟಿಗೆಯ ಒಳಗೆ

ಸಿ.ಪಿ.ಯು.: ಊರಿನಲ್ಲಿ ಮೇಜಿನ ಕೆಳಗಿನ ಇಡೀ ಪೆಟ್ಟಿಗೆಯನ್ನೇ ಸಿ.ಪಿ.ಯು. ಎಂದು ಕರೆಯುವ ರೂಢಿಯಿದೆ. ಇದು ಇಡೀ ದೇಹವನ್ನು ಮೆದುಳು ಎಂದು ಕರೆದಂತೆ. ನಿಜವಾದ ಸಿ.ಪಿ.ಯು. ಒಳಗಿರುವ ಒಂದು ಪುಟ್ಟ ಬಿಲ್ಲೆ. ಲೆಕ್ಕ ಹಾಕುವುದು, ಹೋಲಿಸಿ ನೋಡುವುದು, ಅಪ್ಪಣೆ ಕೊಡುವುದು ಅದರ ಕೆಲಸ. ಅದರೊಳಗೆ ಟ್ರಾನ್ಸಿಸ್ಟರುಗಳೆಂಬ ಅತಿ ಸೂಕ್ಷ್ಮ ಸ್ವಿಚ್ಚುಗಳು ನೂರಾರು ಕೋಟಿ ಇರುತ್ತವೆ. ಈ ಟ್ರಾನ್ಸಿಸ್ಟರ್ ಹುಟ್ಟಿದ್ದು ನಮ್ಮ ನ್ಯೂಜೆರ್ಸಿಯಲ್ಲೇ! 1947ರ ಡಿಸೆಂಬರಿನಲ್ಲಿ, ಮರ‍್ರೇ ಹಿಲ್‌ನ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್ ಮತ್ತು ಬ್ರಾಟೈನ್ ಅದನ್ನು ಮೊದಲು ಮಾಡಿ ತೋರಿಸಿದರು. ಅವರ ತಂಡದ ಮುಖ್ಯಸ್ಥ ಶಾಕ್ಲಿಯೂ ಸೇರಿ ಮೂವರಿಗೆ 1956ರಲ್ಲಿ ನೊಬೆಲ್ ಬಂತು. ಸಿ.ಪಿ.ಯು. ಜೊತೆ ಬರೆದಿರುವ 'ಗಿಗಾಹರ್ಟ್ಸ್' ಎಂಬುದು ಅದರ ನಾಡಿಮಿಡಿತ. ನಮ್ಮ ನಾಡಿ ನಿಮಿಷಕ್ಕೆ ಎಪ್ಪತ್ತೆರಡು ಸಲ ಮಿಡಿದರೆ, 3 ಗಿಗಾಹರ್ಟ್ಸಿನದು ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ.

ರ‍್ಯಾಮ್ ಮತ್ತು ಡಿಸ್ಕ್: ಅಂಗಡಿಯಲ್ಲಿ 'ಹದಿನಾರು ಜಿ.ಬಿ.' ಎಂದೂ 'ಐನೂರ ಹನ್ನೆರಡು ಜಿ.ಬಿ.' ಎಂದೂ ಬರೆದಿರುತ್ತಾರೆ. ಕೇಳಿದರೆ ಎರಡೂ 'ಮೆಮೊರಿ' ಎನ್ನುವವರಿದ್ದಾರೆ. ಇದನ್ನು ಅರ್ಥ ಮಾಡಿಕೊಳ್ಳಲು ಅಡುಗೆಮನೆಗೆ ಹೋಗಬೇಕು. ರ‍್ಯಾಮ್ ಎಂದರೆ ಅಡುಗೆಯ ಕಟ್ಟೆ. ಈ ಕ್ಷಣದ ಅಡುಗೆಗೆ ಬೇಕಾದ ತರಕಾರಿ, ತುರಿದ ಕಾಯಿ, ಮಸಾಲೆ ಎಲ್ಲ ಅಲ್ಲಿ ಹರಡಿರುತ್ತದೆ. ಡಿಸ್ಕ್ ಎಂದರೆ ಉಗ್ರಾಣ. ಅಡುಗೆ ಮುಗಿದ ಮೇಲೆ, ಅಂದರೆ ಕರೆಂಟು ಹೋದ ಮೇಲೆ, ಕಟ್ಟೆ ಪೂರ್ತಿ ಖಾಲಿ. ಉಗ್ರಾಣದಲ್ಲಿ ಇಟ್ಟದ್ದು ಹಾಗೇ ಇರುತ್ತದೆ. 'ಸೇವ್' ಮಾಡುವುದೆಂದರೆ ಕಟ್ಟೆಯ ಮೇಲಿನದನ್ನು ಉಗ್ರಾಣಕ್ಕೆ ಎತ್ತಿಡುವುದು. ಏಕಕಾಲಕ್ಕೆ ಹತ್ತಾರು ಕೆಲಸ ತೆರೆದು ಕಂಪ್ಯೂಟರ್ ತೆವಳುತ್ತಿದ್ದರೆ ಕಟ್ಟೆ ಸಾಲದು ಎಂದರ್ಥ. 'ಜಾಗವಿಲ್ಲ, ಫೋಟೋ ಅಳಿಸಿ' ಎಂದರೆ ಉಗ್ರಾಣ ತುಂಬಿದೆ ಎಂದರ್ಥ. ಎರಡೂ ಬೇರೆ ಕಾಯಿಲೆ, ಚಿಕಿತ್ಸೆಯೂ ಬೇರೆ.

ಉಗ್ರಾಣದಲ್ಲಿ ಎರಡು ಬಗೆ. ಹಾರ್ಡ್ ಡಿಸ್ಕಿನಲ್ಲಿ ಹಳೆಯ ಗ್ರಾಮಫೋನಿನಂತೆ ತಿರುಗುವ ತಟ್ಟೆ, ಅದರ ಮೇಲೆ ಓಡಾಡುವ ಒಂದು ಮೊನೆ ಇರುತ್ತದೆ. ಐ.ಬಿ.ಎಂ. ಕಂಪನಿ 1956ರಲ್ಲಿ ತಂದ ಮೊದಲನೆಯ ಹಾರ್ಡ್ ಡಿಸ್ಕಿನಲ್ಲಿ ಎರಡೆರಡು ಅಡಿ ಅಗಲದ ಐವತ್ತು ತಟ್ಟೆಗಳಿದ್ದವು. ತೂಕ ಒಂದು ಟನ್ನಿಗೂ ಹೆಚ್ಚು, ಹಿಡಿಸುತ್ತಿದ್ದುದು ಸುಮಾರು 50 ಲಕ್ಷ ಅಕ್ಷರ. ಅಪ್ಪನ ಆ ನಲವತ್ತು ನಿಮಿಷ ಸುಮಾರು 9 ಜಿ.ಬಿ. ಇತ್ತು. ಅದನ್ನು ಇಡಲು ಅಂಥ ಯಂತ್ರಗಳು ಸಾವಿರಾರು ಬೇಕಾಗುತ್ತಿದ್ದವು. ಈಗ ಅದು ಉಗುರಿನಷ್ಟು ಬಿಲ್ಲೆಯಲ್ಲಿ ಕೂರುತ್ತದೆ. ಎರಡನೆಯ ಬಗೆ ಎಸ್.ಎಸ್.ಡಿ.; ಇದರಲ್ಲಿ ತಿರುಗುವ ಭಾಗವೇ ಇಲ್ಲ, ಆದ್ದರಿಂದ ವೇಗ ಹೆಚ್ಚು, ಬಿದ್ದರೆ ಪೆಟ್ಟು ಕಡಿಮೆ. ಆದರೆ ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಅನೇಕ ಸಲ 'ಟಿಕ್ ಟಿಕ್' ಎಂದು ನರಳುತ್ತದೆ, ಎಸ್.ಎಸ್.ಡಿ. ಸದ್ದಿಲ್ಲದೆ ಹೋಗಿಬಿಡಬಹುದು.

ಮದರ್‌ಬೋರ್ಡ್: ಇದು ಬೆನ್ನುಮೂಳೆ ಮತ್ತು ನರಮಂಡಲ ಎರಡೂ ಹೌದು. ಮೇಲೆ ಹೇಳಿದ ಎಲ್ಲ ಅಂಗಗಳೂ ಈ ಹಲಗೆಯ ಮೂಲಕವೇ ಒಂದರೊಡನೊಂದು ಮಾತಾಡುತ್ತವೆ. ಇದು ಹೋದರೆ ಕಂಪ್ಯೂಟರ್ ಏಳುವುದಿಲ್ಲ. ಆದರೆ ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿದ್ದಂತೆ ಡಿಸ್ಕ್ ಪ್ರತ್ಯೇಕವಾಗಿದ್ದರೆ, ಅದರೊಳಗಿನ ಸಾಮಾನಿಗೆ ಏನೂ ಆಗಿರಲಾರದು. ಇಲ್ಲೊಂದು ಎಚ್ಚರಿಕೆ. ಈಗಿನ ಅನೇಕ ತೆಳು ಲ್ಯಾಪ್‌ಟಾಪುಗಳಲ್ಲಿ ಉಗ್ರಾಣವನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಸಾಲದೆಂದು ಒಳಗಿನದನ್ನು ಗೂಢಲಿಪಿಯಲ್ಲಿ ಬರೆದಿರುತ್ತಾರೆ. ಕಳ್ಳರಿಂದ ರಕ್ಷಣೆಗೆ ಇದು ಒಳ್ಳೆಯದೇ. ಆದರೆ ನನ್ನ ಗೆಳೆಯರು ಹೇಳಿದ ನಾಲ್ಕು ಸ್ಕ್ರೂಗಳ ಉಪಾಯ ಅಲ್ಲಿ ನಡೆಯುವುದಿಲ್ಲ. ಅಂಥವರಿಗೆ ಮುಂಚೆಯೇ ಮಾಡಿಟ್ಟ ಪ್ರತಿಯೊಂದೇ ಗತಿ.

ಬಿಟ್ಟು, ಬೈಟು ಮತ್ತು ಅಪ್ಪ

ಟ್ರಾನ್ಸಿಸ್ಟರ್ ಒಂದು ಸ್ವಿಚ್ಚು ಎಂದೆನಲ್ಲ. ಹಾಕಿದ್ದರೆ 1, ಆರಿಸಿದ್ದರೆ 0. ಈ ಒಂದು 'ಹೌದು-ಅಲ್ಲ'ಕ್ಕೆ ಬಿಟ್ ಎಂದು ಹೆಸರು. ಬೆಲ್ ಪ್ರಯೋಗಾಲಯದ ಕ್ಲಾಡ್ ಶಾನನ್ 1948ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಬಳಸಿ, ಪದ ತಮ್ಮದಲ್ಲ, ಜಾನ್ ಟುಕಿಯದು ಎಂದು ಹೇಳಿದ್ದಾರೆ. ಟುಕಿ ನಮ್ಮ ಪ್ರಿನ್ಸ್‌ಟನ್ನಿನ ಪ್ರಾಧ್ಯಾಪಕರು. ಬೈಟ್ ಎಂಬ ಪದವನ್ನು 1956ರಲ್ಲಿ ಹುಟ್ಟುಹಾಕಿದವರು ಐ.ಬಿ.ಎಂ.ನ ವರ್ನರ್ ಬುಕೋಲ್ಟ್ಸ್. ಈಗ ಎಂಟು ಬಿಟ್ಟು ಸೇರಿದರೆ ಒಂದು ಬೈಟು.

ಇಲ್ಲೇ ನಮಗೆ ಕಂಪನಿಗಳು ಗೊಂದಲ ಮಾಡುವುದು. ಇಂಟರ್‌ನೆಟ್ಟಿನ ವೇಗವನ್ನು ಬಿಟ್ಟಿನಲ್ಲಿ ಹೇಳುತ್ತಾರೆ, ಫೈಲಿನ ಗಾತ್ರವನ್ನು ಬೈಟಿನಲ್ಲಿ ಹೇಳುತ್ತಾರೆ. '300 ಮೆಗಾಬಿಟ್' ಎಂದು ದುಡ್ಡು ಕಟ್ಟಿದರೆ ಸೆಕೆಂಡಿಗೆ 300 ಮೆಗಾಬೈಟ್ ಬರುವುದಿಲ್ಲ. ಎಂಟರಿಂದ ಭಾಗಿಸಿ, ಬರುವುದು ಮೂವತ್ತೇಳೂವರೆ. ಔಷಧಿಯಲ್ಲಿ ಮಿಲಿಗ್ರಾಂ, ಮೈಕ್ರೋಗ್ರಾಂ ಅದಲುಬದಲಾದರೆ ಏನಾಗುತ್ತದೆಂದು ಬಲ್ಲ ನನಗೆ ಇದು ತುಂಬ ಹಿಡಿಸಿದ ಪಾಠ.

ನಮ್ಮ ಕನ್ನಡ ಅಕ್ಷರಗಳೂ ಈ 1, 0ಗಳೇ. ಹಿಂದೆ ಒಬ್ಬರು 'ನುಡಿ'ಯಲ್ಲಿ ಬರೆದು ಕಳಿಸಿದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ವಿಚಿತ್ರ ಚಿಹ್ನೆಗಳಾಗಿ ಕಾಣುತ್ತಿದ್ದುದು ಈ ಸಂಚಿಕೆಯ ಹಳೆಯ ಸಂಪಾದಕರಿಗೆಲ್ಲ ನೆನಪಿರಬೇಕು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ 'ಬರಹ', ಆಮೇಲೆ ಬಂದ 'ನುಡಿ' ಇವು ನಮಗೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿದವು. ಆದರೆ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಒಂದೇ ಲೆಕ್ಕ ಬೇಕಿತ್ತು, ಅದೇ ಯೂನಿಕೋಡ್. ಅದರಲ್ಲಿ ಕನ್ನಡಕ್ಕೆಂದು 128 ಸ್ಥಾನಗಳನ್ನು ಕಾದಿರಿಸಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಸಾಮಾನ್ಯವಾಗಿ ಬಳಸುವ ಬಗೆಯಲ್ಲಿ ಒಂದೊಂದು ಸ್ಥಾನಕ್ಕೆ ಮೂರು ಬೈಟು. 'ಅಪ್ಪ' ಎಂದು ಬರೆದರೆ ಅ, ಪ, ಒಂದು ಹಲಂತ, ಇನ್ನೊಂದು ಪ, ಒಟ್ಟು ನಾಲ್ಕು. ಅಂದರೆ ಹನ್ನೆರಡು ಬೈಟು. ಹೆಸರು ಉಳಿಸಲು ಬೇಕಾದದ್ದು ಅಷ್ಟೇ ಅಷ್ಟು.

ಮನೆಯೆಂಬ ವಠಾರ

ಇನ್ನು ಜಾಲದ ವಿಷಯ. ಮೈಸೂರಿನಲ್ಲಿ ನಾನು ಓದುವಾಗ ಒಂದು ವಠಾರದಲ್ಲಿದ್ದೆ. ಒಂದೇ ಹೆಬ್ಬಾಗಿಲು, ಒಳಗೆ ಎಂಟು ಮನೆ. ನಿಮ್ಮ ಮನೆಯ ವೈ-ಫೈ ವ್ಯವಸ್ಥೆ ಪೂರ್ತಿ ಇದೇ ವಠಾರ.

ಮೋಡೆಮ್ ಎಂದರೆ ದುಭಾಷಿ. ಹೊರಗಿನ ತಂತಿಯಲ್ಲಿ ಬರುವ ಸಂಕೇತ ಬೇರೆ, ಮನೆಯ ಯಂತ್ರಗಳ ಭಾಷೆ ಬೇರೆ. ಎರಡನ್ನೂ ಬಲ್ಲ ಡಬ್ಬಿ ಇದು. ಮನೆಗೆ ಗಾಜಿನ ಎಳೆ, ಅಂದರೆ ಫೈಬರ್ ಬಂದಿದ್ದರೆ ಇದೇ ಕೆಲಸ ಮಾಡುವ ಡಬ್ಬಿಗೆ ಓ.ಎನ್.ಟಿ. ಎಂದು ಹೆಸರು. ರೂಟರ್ ಎಂದರೆ ಹೆಬ್ಬಾಗಿಲಿನಲ್ಲಿ ಕುಳಿತು ಬಂದ ಕಾಗದವನ್ನು ಸರಿಯಾದ ಮನೆಗೆ ತಲುಪಿಸುವ ಮನುಷ್ಯ. ಎಷ್ಟೋ ಕಡೆ ಮೋಡೆಮ್, ರೂಟರ್ ಎರಡೂ ಒಂದೇ ಡಬ್ಬಿಯಲ್ಲಿರುತ್ತವೆ.

ಐ.ಪಿ. ವಿಳಾಸ ಎಂದರೆ ಮನೆ ನಂಬರು. ಇಡೀ ವಠಾರಕ್ಕೆ ರಸ್ತೆಯವರು ಕೊಟ್ಟ ಒಂದು ನಂಬರು, ಒಳಗಿನ ಮನೆಗಳಿಗೆ ನಾವೇ ಇಟ್ಟುಕೊಂಡ ಒಂದು, ಎರಡು, ಮೂರು. 192.168 ಎಂದು ಶುರುವಾಗುವ ಸಂಖ್ಯೆಗಳೆಲ್ಲ ಈ ಒಳಗಿನ ನಂಬರುಗಳು. ಪಕ್ಕದ ಮನೆಯ ವಠಾರದಲ್ಲೂ ಅವೇ ಇರಬಹುದು. ಹಳೆಯ ಪದ್ಧತಿಯ ಐ.ಪಿ. ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. ಉತ್ತರ ಅಮೆರಿಕಕ್ಕೆ ಹಂಚಲು ಇಟ್ಟಿದ್ದ ಸಂಗ್ರಹ 2015ರ ಸೆಪ್ಟೆಂಬರಿನಲ್ಲೇ ಖಾಲಿಯಾಯಿತು. ಒಂದೇ ಹೆಬ್ಬಾಗಿಲ ನಂಬರಿನಲ್ಲಿ ಹತ್ತಾರು ಯಂತ್ರ ಸಂಸಾರ ಮಾಡುತ್ತಿರುವುದಕ್ಕೆ ಇದೂ ಒಂದು ಕಾರಣ.

ವೈ-ಫೈ ಎಂದರೆ ಇಂಟರ್‌ನೆಟ್ ಅಲ್ಲ! ಈ ಒಂದು ಮಾತು ನೆನಪಿಟ್ಟುಕೊಂಡರೆ ಲೇಖನ ಸಾರ್ಥಕ. ವೈ-ಫೈ ಎನ್ನುವುದು ನಿಮ್ಮ ಫೋನಿನಿಂದ ರೂಟರಿನವರೆಗಿನ ತಂತಿಯಿಲ್ಲದ ದಾರಿ ಮಾತ್ರ, ಅಂದರೆ ವಠಾರದ ಒಳಗಿನ ಓಣಿ. ಓಣಿ ಚೆನ್ನಾಗಿದ್ದು ಹೊರಗಿನ ರಸ್ತೆ ಮುಚ್ಚಿರಬಹುದು. ಈ ವೈ-ಫೈ ನಿಯಮಗಳು 1997ರಲ್ಲಿ ಮೊದಲು ಪ್ರಕಟವಾದವು. ಅವನ್ನು ರೂಪಿಸುವ ಐ.ಇ.ಇ.ಇ. ಸಂಸ್ಥೆಯ ಮಾನಕ ವಿಭಾಗದ ಕಚೇರಿ ಇರುವುದು ನಮ್ಮ ಪಿಸ್ಕಾಟವೇಯಲ್ಲಿ. ತಂತಿಯ ಮೂಲಕ ಸೇರಿಸುವ ಪದ್ಧತಿಗೆ ಈಥರ್ನೆಟ್ ಎಂದು ಹೆಸರು. 1973ರಲ್ಲಿ ಅದನ್ನು ಕಲ್ಪಿಸಿದ ರಾಬರ್ಟ್ ಮೆಟ್‌ಕಾಫ್ ಬ್ರೂಕ್ಲಿನ್‌ನಲ್ಲಿ ಹುಟ್ಟಿದವರು.

ಡಿ.ಎನ್.ಎಸ್. ಎಂದರೆ ದೂರವಾಣಿ ಕೈಪಿಡಿ. ನಾವು ಹೆಸರು ಟೈಪ್ ಮಾಡುತ್ತೇವೆ, ಯಂತ್ರಕ್ಕೆ ಬೇಕಾದದ್ದು ಸಂಖ್ಯೆ; ಹೆಸರು ಕೊಟ್ಟರೆ ಸಂಖ್ಯೆ ಹುಡುಕಿಕೊಡುವ ವ್ಯವಸ್ಥೆ ಇದು. ಫೈರ್‌ವಾಲ್ ಎಂದರೆ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂದು ನೋಡುವ ಕಾವಲುಗಾರ. "ನಿಮ್ಮ ಐ.ಪಿ. ವಿಳಾಸ ಕೆಟ್ಟಿದೆ, ಫೈರ್‌ವಾಲ್ ಒಡೆದಿದೆ, ಕೂಡಲೇ ದುಡ್ಡು ಕಟ್ಟಿ" ಎಂದು ಯಾರಾದರೂ ಫೋನು ಮಾಡಿದರೆ ಇಟ್ಟುಬಿಡಿ. ಅಂಥ ವಂಚಕರ ಆಯುಧವೇ ಅರ್ಥವಾಗದ ಪದಗಳು. ಐ.ಪಿ. ಎಂದರೆ ಮನೆ ನಂಬರು ಎಂದು ತಿಳಿದವರು ಅಷ್ಟು ಸುಲಭವಾಗಿ ಹೆದರುವುದಿಲ್ಲ.

ಊರಿಗೆ ಹೋಗುವ ದಾರಿ

ಹೆಬ್ಬಾಗಿಲು ದಾಟಿದ ಮಾತು ಊರಿಗೆ ಹೇಗೆ ಹೋಗುತ್ತದೆ? ಮದುವೆಯ ದಿಬ್ಬಣವನ್ನು ನೆನೆಸಿಕೊಳ್ಳಿ. ಎಲ್ಲರೂ ಒಂದೇ ಬಸ್ಸಿನಲ್ಲಿ ಹಿಡಿಸುವುದಿಲ್ಲ. ಹತ್ತು ಬಸ್ಸಿನಲ್ಲಿ ಹೊರಟು, ಕೆಲವರು ಬೇರೆ ದಾರಿ ಹಿಡಿದು, ಕೊನೆಗೆ ಛತ್ರದಲ್ಲಿ ಸೇರುತ್ತಾರೆ. ನಮ್ಮ ಮಾತು, ಚಿತ್ರ ಎಲ್ಲವೂ ಹೀಗೇ ಚೂರುಚೂರಾಗಿ ಹೋಗುತ್ತವೆ. ಆ ಒಂದೊಂದು ಚೂರಿಗೆ ಪ್ಯಾಕೆಟ್ ಎಂದು ಹೆಸರು. ಟಿ.ಸಿ.ಪಿ. ಎಂಬ ಪದ್ಧತಿ ಛತ್ರದ ಬಾಗಿಲಲ್ಲಿ ತಲೆ ಎಣಿಸುತ್ತದೆ. ಒಬ್ಬರು ತಪ್ಪಿದರೂ ಮತ್ತೆ ಕರೆಸುತ್ತದೆ. ಫೈಲು, ಇಮೇಲುಗಳಿಗೆ ಇದು. ಯು.ಡಿ.ಪಿ. ಎಂಬುದು ಬಂದವರು ಬಂದರು ಎಂದು ಮುಹೂರ್ತ ಮುಗಿಸಿಬಿಡುತ್ತದೆ. ವಿಡಿಯೋ ಕರೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವುದು ಇದು. ಅಮ್ಮನ ಮುಖ ಒಮ್ಮೊಮ್ಮೆ ಚೌಕ ಚೌಕವಾಗಿ ಒಡೆಯುವುದು ತಪ್ಪಿಹೋದ ಬಸ್ಸುಗಳಿಂದ.

ಎಲ್ಲರೂ ಇದು ಉಪಗ್ರಹದಿಂದ ಹೋಗುತ್ತದೆ ಎಂದುಕೊಳ್ಳುತ್ತಾರೆ. ಖಂಡಗಳ ನಡುವಿನ ಬಹುಪಾಲು ಸಂಚಾರ ಹೋಗುವುದು ಸಮುದ್ರದ ತಳದ ಫೈಬರ್ ಕೇಬಲ್ಲುಗಳಲ್ಲಿ. ಅಟ್ಲಾಂಟಿಕ್ ದಾಟಿದ ಮೊಟ್ಟಮೊದಲ ಫೈಬರ್ ಕೇಬಲ್, ಟ್ಯಾಟ್-8, 1988ರಲ್ಲಿ ಕೆಲಸ ಶುರು ಮಾಡಿತು. ಅದರ ಅಮೆರಿಕದ ತುದಿ ಇದ್ದದ್ದು ಜೆರ್ಸಿ ಕರಾವಳಿಯ ಟಕರ್ಟನ್‌ನಲ್ಲಿ. ಬೇಸಿಗೆಯಲ್ಲಿ ನಾವು ಮಕ್ಕಳನ್ನು ಕರೆದುಕೊಂಡು ಹೋಗುವ ಕಡಲತೀರಗಳ ಹತ್ತಿರವೇ! ಹಾಗೆಯೇ ಮ್ಯಾನ್‌ಹಟನ್‌ನ 60 ಹಡ್ಸನ್ ಸ್ಟ್ರೀಟ್. 1930ರಲ್ಲಿ ವೆಸ್ಟರ್ನ್ ಯೂನಿಯನ್ ತಂತಿ ಕಂಪನಿಗೆಂದು ಕಟ್ಟಿ ಮುಗಿಸಿದ ಆ ಇಟ್ಟಿಗೆಯ ಕಟ್ಟಡದಲ್ಲಿ ಈಗ ನೂರಾರು ಕಂಪನಿಗಳ ಜಾಲಗಳು ಒಂದಕ್ಕೊಂದು ಕೈಜೋಡಿಸುತ್ತವೆ. ಅಂದು ತಂತಿ ಸಮಾಚಾರ, ಇಂದು ವಿಡಿಯೋ ಕರೆ; ಕಟ್ಟಡ ಅದೇ.

ಇಲ್ಲಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ 13 ಸಾವಿರ ಕಿಲೋಮೀಟರಿಗೆ ಮೇಲೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿ ಬರಲು ಎಷ್ಟೇ ಕಡಿಮೆಯೆಂದರೂ ಸೆಕೆಂಡಿನ ಎಂಟನೇ ಒಂದು ಭಾಗ ಬೇಕು. ಕೇಬಲ್ಲುಗಳು ನೇರ ಹೋಗದ ಕಾರಣ ವಾಸ್ತವವಾಗಿ ಇನ್ನೂ ಹೆಚ್ಚು. ಈ ವಿಳಂಬಕ್ಕೆ ಲೇಟೆನ್ಸಿ ಎಂದು ಹೆಸರು. ಎಷ್ಟು ದುಡ್ಡು ಕೊಟ್ಟು ವೇಗ ಹೆಚ್ಚಿಸಿಕೊಂಡರೂ ಇದು ಹೋಗುವುದಿಲ್ಲ. ಬ್ಯಾಂಡ್‌ವಿಡ್ತ್ ಎಂದರೆ ರಸ್ತೆಯ ಅಗಲ, ಲೇಟೆನ್ಸಿ ಎಂದರೆ ಊರಿನ ದೂರ. ಟರ್ನ್‌ಪೈಕಿಗೆ ಇನ್ನೆರಡು ಲೇನು ಸೇರಿಸಿದರೆ ಫಿಲಡೆಲ್ಫಿಯಾ ಹತ್ತಿರ ಬರುತ್ತದೆಯೇ?

ಅಮ್ಮನ ರೋಗನಿರ್ಣಯ

ಇಷ್ಟೆಲ್ಲ ತಿಳಿದು ಪ್ರಯೋಜನವೇನು ಎನ್ನುತ್ತೀರಾ? ಕೆಲವು ತಿಂಗಳ ಹಿಂದೆ ಮೈಸೂರಿನಿಂದ ಅಮ್ಮ ಫೋನು ಮಾಡಿದಳು.

"ಪುಟ್ಟಾ, ನೆಟ್ಟು ಸತ್ತೇ ಹೋಗಿದೆ ಕಣೋ. ಮೂರು ದಿನವಾಯ್ತು. ಆ ಹುಡುಗ ಬರ್ತೀನಿ ಬರ್ತೀನಿ ಅಂತಾನೆ."

"ಫೋನಿನ ಮೇಲ್ಗಡೆ ಬೀಸಣಿಗೆ ಥರ ಒಂದು ಗುರುತು ಇದೆಯಾ ಅಮ್ಮಾ?"

"ಇದೆ."

"ಹಾಗಾದರೆ ಓಣಿ ಸರಿ ಇದೆ. ಡಬ್ಬಿ ಹತ್ತಿರ ಹೋಗಿ ದೀಪಗಳು ಯಾವ ಬಣ್ಣ ನೋಡು."

"ಎಲ್ಲಾ ಹಸಿರು. ಒಂದು ಮಾತ್ರ ಕೆಂಪಗೆ ಮಿಟುಕ್ತಿದೆ. ಎಲ್.ಓ.ಎಸ್. ಅಂತ ಬರೆದಿದೆ."

ಎಲ್.ಓ.ಎಸ್. ಎಂದರೆ ಸಂಕೇತವೇ ಬರುತ್ತಿಲ್ಲ ಎಂದರ್ಥ. ಡಬ್ಬಿ ಆರೋಗ್ಯವಾಗಿದೆ, ಹೊರಗಿನ ಫೈಬರ್ ಕಡಿದಿರಬೇಕು. "ನೆಟ್ಟು ಬರ್ತಿಲ್ಲ ಅಂತ ಹೇಳಬೇಡ. ಎಲ್.ಓ.ಎಸ್. ಕೆಂಪಗಿದೆ, ಫೈಬರ್ ಕಟ್ ಆಗಿದೆ ಅಂತ ಹೇಳು" ಎಂದೆ. ಅವತ್ತೇ ಸಂಜೆ ಹುಡುಗ ಏಣಿಯ ಸಮೇತ ಬಂದ. ಬೀದಿಯ ಮರದ ಕೊಂಬೆ ಬಿದ್ದು ಎಳೆ ತುಂಡಾಗಿತ್ತು. "ಅಜ್ಜೀ, ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದು ಕೇಳಿದನಂತೆ. ಅಮ್ಮ ಈಗ ಬೀದಿಯ ಅರ್ಧ ಮನೆಗಳಿಗೆ ಸಲಹೆ ಕೊಡುವ ತಜ್ಞೆ!

"ಹುಷಾರಿಲ್ಲ ಡಾಕ್ಟ್ರೇ" ಎಂದಷ್ಟೇ ಹೇಳುವ ರೋಗಿಗಿಂತ, "ಬಲಗಡೆ ಕೆಳಹೊಟ್ಟೆ, ನಿನ್ನೆ ರಾತ್ರಿಯಿಂದ, ಒತ್ತಿದರೆ ಜಾಸ್ತಿ" ಎನ್ನುವ ರೋಗಿ ಬೇಗ ಗುಣವಾಗುತ್ತಾನೆ. ಹೆಸರು ತಿಳಿದಿದ್ದರೆ ಅರ್ಧ ಚಿಕಿತ್ಸೆ ಆದಂತೆ. ನಾವೇ ಯಂತ್ರ ಬಿಚ್ಚಿ ರಿಪೇರಿ ಮಾಡಬೇಕಿಲ್ಲ. ಸರಿಯಾದ ಪ್ರಶ್ನೆ ಕೇಳುವಷ್ಟು ಗೊತ್ತಿದ್ದರೆ ಸಾಕು.

ಔಷಧಿ ಚೀಟಿ

ಡಾಕ್ಟರ ಲೇಖನವೆಂದ ಮೇಲೆ ಚೀಟಿ ಬರೆಯದೆ ಹೇಗೆ? ತಿಳಿದವರು ಹೇಳುವ ಸೂತ್ರ ಇದು: ಮೂರು, ಎರಡು, ಒಂದು. ಮುಖ್ಯವಾದದ್ದರ ಮೂರು ಪ್ರತಿ ಇರಲಿ. ಅವು ಎರಡು ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಮನೆಯಿಂದ ಹೊರಗಿರಲಿ.

ಹೊರಗೇಕೆ? 2012ರ ಅಕ್ಟೋಬರ್ 29ರ ರಾತ್ರಿ ಸ್ಯಾಂಡಿ ಚಂಡಮಾರುತ ಬಂದಾಗ ನೆಲಮಾಳಿಗೆಗಳಿಗೆ ನೀರು ನುಗ್ಗಿ ಕಂಪ್ಯೂಟರ್, ಆಲ್ಬಮ್ ಎಲ್ಲವೂ ಒಟ್ಟಿಗೇ ಹೋದದ್ದನ್ನು ನಾವು ಕಂಡಿದ್ದೇವೆ. 'ಕ್ಲೌಡಿನಲ್ಲಿ ಇಟ್ಟಿದ್ದೇವಲ್ಲ' ಎನ್ನಬಹುದು. ಇಡಿ, ಒಳ್ಳೆಯದೇ. ಆದರೆ ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ. ನೆಲದ ಮೇಲೆ ಯಾರದೋ ಕಟ್ಟಡದಲ್ಲಿರುವ ಯಾರದೋ ಕಂಪ್ಯೂಟರು. ಅದೇ ಸ್ಯಾಂಡಿಯ ದಿನಗಳಲ್ಲಿ ಮ್ಯಾನ್‌ಹಟನ್‌ನ 75 ಬ್ರಾಡ್ ಸ್ಟ್ರೀಟ್ ಕಟ್ಟಡದ ನೆಲಮಾಳಿಗೆಯಲ್ಲಿ ನೀರು ತುಂಬಿ, ಜನರೇಟರಿಗೆ ಡೀಸೆಲ್ ಏರಿಸುವ ಪಂಪು ನಿಂತಾಗ, ಅಲ್ಲಿನ ಡೇಟಾ ಕೇಂದ್ರದವರೂ ಅವರ ಗ್ರಾಹಕರೂ ಸೇರಿ ಬಕೆಟ್ಟುಗಳಲ್ಲಿ ಡೀಸೆಲ್ಲನ್ನು ಹದಿನೇಳು ಮಹಡಿ ಹೊತ್ತು ಕಂಪ್ಯೂಟರುಗಳನ್ನು ಉಳಿಸಿಕೊಂಡರು. ಆದ್ದರಿಂದ ಮೋಡದಲ್ಲೂ ಒಂದಿರಲಿ, ಮನೆಯ ಬೀರುವಿನಲ್ಲೂ ಒಂದಿರಲಿ.

ಪ್ರತಿ ಮಾಡಿದ ಮೇಲೆ ವರ್ಷಕ್ಕೊಮ್ಮೆ ತೆರೆದು ನೋಡಿ. ತೆರೆಯಲಾಗದ ಪ್ರತಿ ಇದ್ದೂ ಇಲ್ಲದಂತೆ. ಲ್ಯಾಪ್‌ಟಾಪಿನ ಗೂಢಲಿಪಿಯ ಕೀಲಿಸಂಖ್ಯೆಯನ್ನು ಕಾಗದದಲ್ಲಿ ಬರೆದು ಪಾಸ್‌ಪೋರ್ಟುಗಳ ಜೊತೆಗಿಡಿ. ಯಾರಾದರೂ 'ಕಂಪ್ಯೂಟರ್ ಹೋಯಿತು' ಎಂದರೆ ಕೂಡಲೇ ಕೇಳಿ: "ಯಾವ ಅಂಗ ಹೋಯಿತು? ಡಿಸ್ಕ್ ಹೇಗಿದೆ?"

ದಿನ ಯಾವುದು ಎಂದರೆ, ಅದಕ್ಕೂ ನಮ್ಮ ಹಿರಿಯರು ವ್ಯವಸ್ಥೆ ಮಾಡಿಟ್ಟಿದ್ದಾರೆ. ಆಯುಧಪೂಜೆಯ ದಿನ ಕಾರಿಗೆ ನಿಂಬೆಹಣ್ಣು ಇಡುವಾಗ ಲ್ಯಾಪ್‌ಟಾಪಿಗೂ ಅರಿಸಿನ ಕುಂಕುಮ ಹಚ್ಚುತ್ತೇವಲ್ಲ, ನಮ್ಮ ಮನೆಯಲ್ಲಿ ಈಗ ಅದಕ್ಕೆ ಮುಂಚಿನ ಸಂಜೆ ಪ್ರತಿ ತೆಗೆಯುವ ಶಾಸ್ತ್ರ. ಈ ವರ್ಷ ಅದರಲ್ಲಿ ಒಂದು ಹೊಸ ಫೈಲು ಸೇರಿತು. ಕಳೆದ ಚಳಿಗಾಲ ಮೈಸೂರಿಗೆ ಹೋದಾಗ ಮಗಳು ಅಜ್ಜಿಯ ಎದುರು ಫೋನು ಹಿಡಿದು ಕುಳಿತು, "ತಾತ ಅವತ್ತು ಏನೇನು ಹೇಳಿದ್ದರು, ನಿಂಗೆ ನೆನಪಿದೆಯಾ ಅಜ್ಜೀ?" ಎಂದು ಕೇಳಿದಳು. ಅಮ್ಮ ಒಂದು ಗಂಟೆ ಹತ್ತು ನಿಮಿಷ ಹೇಳಿದಳು. ಹೊಳೆ, ಬುಡ್ಡಿ ದೀಪ, ದಸರಾದಲ್ಲಿ ತಪ್ಪಿಸಿಕೊಂಡದ್ದು, ಎಲ್ಲವೂ ಇತ್ತು. ನಡುನಡುವೆ ಅಪ್ಪನ ಧಾಟಿಯಲ್ಲೇ ಗದರಿ ನಕ್ಕಳು.

ಅದರ ಮೂರು ಪ್ರತಿ ಇವೆ. ನಾನೇ ತೆರೆದು ನೋಡಿದ್ದೇನೆ.

ಎಲ್ಲರಿಗೂ ದೀಪಾವಳಿಯ ಶುಭಾಶಯಗಳು. ಹೋಳಿಗೆ ಎರಡಕ್ಕೇ ನಿಲ್ಲಿಸಿ.